ಹೆಬ್ಬಾವಿಗೊಂದು ಕೋಣೆ

ವೀಟ್ಸ್ಕೆ ಹಾವಿನ ಪೆಟ್ಟಿಗೆಯ ಗಾಜಿನ ಬಾಗಿಲನ್ನು ಎರಡೂ ಕೈಯಿಂದ ಜಗ್ಗಿದಳು. ಅದು ಅಲುಗಲಿಲ್ಲ. ಹಿಂದೆ ನಿಂತಿದ್ದ ಗಂಡ ಹೆಂಡತಿ, ಯೋರಿಟ್ ಮತ್ತು ಆಫ್ಕೆ, ಹಿಡಿದಿದ್ದ ಉಸಿರನ್ನು ಬಿಟ್ಟರು.

ಅವಳು ಬಂದದ್ದು ಲೇವಾರ್ಡನ್ ಊರಿನ ಹಾವುಗಳ ಆಶ್ರಯಧಾಮದಿಂದ. ಯಾರೋ ಬಿಟ್ಟುಹೋದ ಹೆಬ್ಬಾವನ್ನು ಈ ಮನೆಗೆ ಕೊಡಬಹುದೇ ಎಂದು ತೀರ್ಮಾನಿಸಬೇಕಾದವಳು ಅವಳೇ. ಇಬ್ಬರೂ ತಿಂಗಳುಗಳಿಂದ ಇದೇ ದಿನಕ್ಕೆ ಕಾದಿದ್ದರು.

"ಹೋದ ವಾರ ಒಬ್ಬ ಮಹಾಶಯ ಹಾವಿಗೆ ಅಂತ ಮೀನಿನ ತೊಟ್ಟಿ ತೋರಿಸಿದ," ಎಂದಳು ವೀಟ್ಸ್ಕೆ. " ಮುಚ್ಚಳದ ಮೇಲೆ ದಪ್ಪ ನಿಘಂಟು ಇಟ್ರೆ ಸಾಕಂತೆ!"

ಇಬ್ಬರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು.

ಪೆಟ್ಟಿಗೆ ಹಾವಿಗಿಂತ ಉದ್ದವಿತ್ತು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು. ಎರಡು ಕಡೆಯೂ ಅಡಗಿಕೊಳ್ಳಲು ಗೂಡು.

"ಎರಡು ಗೂಡು ಯಾಕೆ?" ವೀಟ್ಸ್ಕೆ ಬೇಕೆಂದೇ ಕೇಳಿದಳು.

"ಹೆದರಿಕೆ ಆದಾಗ ಚಳೀಲಿ ಮುದುಡಿಕೊಂಡು ಕೂರಬಾರದಲ್ಲ, ಪಾಪ," ಎಂದಳು ಆಫ್ಕೆ.

ಸರಿಯಾದ ಉತ್ತರ. ಕೋಣೆಯ ಬಾಗಿಲಿಗೂ ಹೊರಗಡೆಯಿಂದ ಚಿಲಕವಿತ್ತು.

"ಇದನ್ನೂ ಹಾವಿಗೇ ಹಾಕಿಸಿದ್ರಾ?"

"ಇಲ್ಲ, ಅದು ಮೊದಲಿಂದ ಇದೆ," ಎಂದ ಯೋರಿಟ್.

"ಒಳ್ಳೇದೇ ಆಯ್ತು ಬಿಡಿ. ಕೊನೇದೊಂದು ಪ್ರಶ್ನೆ. ಮನೇಲಿ ಚಿಕ್ಕ ಮಕ್ಕಳಿದಾರಾ? ಇದ್ರೆ ಕೊಡಕ್ಕಾಗಲ್ಲ."

ಆಫ್ಕೆ ತಿಳಿನೀಲಿ ಗೋಡೆಯತ್ತ ನೋಡಿದಳು.

"ಒಬ್ಬ ಮಗ ಇದ್ದ. ಡೌವೆ ಅಂತ. ಇದು ಅವನ ಕೋಣೆ."

ವೀಟ್ಸ್ಕೆಯ ದನಿ ಇಳಿಯಿತು. "ಕ್ಷಮಿಸಿ. ನಂಗೆ ಗೊತ್ತಿರಲಿಲ್ಲ."

"ಪರವಾಗಿಲ್ಲ. ವರ್ಷ ಆಗ್ತಾ ಬಂತು. ಅಭ್ಯಾಸ ಆಗಿದೆ."

ಕೆಳಗೆ ಕಾಫಿ ಕುಡಿದರು, ತಲೆಗೊಂದು ಬಿಸ್ಕತ್ತು. ವೀಟ್ಸ್ಕೆ ಇನ್ನೇನನ್ನೂ ಕೇಳಲಿಲ್ಲ. ಕೇಳುವುದು ಕ್ರೌರ್ಯವೆನಿಸಿತು.

"ಶನಿವಾರ ತಂದುಕೊಡ್ತೀನಿ. ಇಷ್ಟು ಮುತುವರ್ಜಿ ಇರೋರನ್ನ ನಾನು ನೋಡೇ ಇಲ್ಲ. ಆ ಹಾವು ಪುಣ್ಯ ಮಾಡಿತ್ತು."

ಬಾಗಿಲಲ್ಲಿ ಅವಳು ಆಫ್ಕೆಯ ಕೈಯನ್ನು ಹಿಡಿದು ಒತ್ತಿದಳು. ಕಣ್ಣು ಒದ್ದೆಯಾದದ್ದು ವೀಟ್ಸ್ಕೆಯದೇ.

ಕಾರು ತಿರುವಿನಲ್ಲಿ ಮರೆಯಾಯಿತು. ಯೋರಿಟ್ ಹೆಂಡತಿಗೆ ಫೋನು ಚಾಚಿದ. "ಈಗಲೇ ಹೇಳಿಬಿಡು."

"ನೀನ್ಯಾಕೆ ಹೇಳಬಾರದು? ಪುಕ್ಕಲ."

"ನಿನ್ನ ಮಾತು ಅಂದ್ರೆ ಬೇಗ ನಂಬ್ತಾರೆ."

ಆಫ್ಕೆ ಗಂಟಲು ಸರಿಮಾಡಿಕೊಂಡಳು.

"ಮಕ್ಕಳ ರಕ್ಷಣಾ ಕಚೇರಿನಾ? ಡೌವೆಯ ಅಮ್ಮ ಮಾತಾಡ್ತಿರೋದು. ಶುಕ್ರವಾರ ಅವನನ್ನ ಮನೆಗೆ ವಾಪಸ್ ಕಳಿಸ್ತೀವಿ ಅಂದಿದ್ರಲ್ಲ, ಬೇಡ. ನಮ್ಮಲ್ಲಿ ಜಾಗ ಇಲ್ಲ."