ಎಂಟರ್ ಹೊಡೆದವರಿಗೆ ಬಿಸಿಲಿಲ್ಲ

ಊರಿನ ಮೇಲೆ ಛಾವಣಿ ಬಂದಂದಿನಿಂದ ಬಿಸಿಲಿಗೂ ದಿನಾ ಬೆಳಿಗ್ಗೆ ಆನ್‌ಲೈನ್ ಅರ್ಜಿ. ವಾರವಿಡೀ ಅರ್ಜಿ ಹಾಕಿದರೂ ಕಾಶವ್ವನ ಮನೆಗೆ ಬಿಸಿಲು ಬಿಡಲಿಲ್ಲ. ಒಣಗದ ಸಂಡಿಗೆಯ ತಟ್ಟೆ ಹಿಡಿದು, ಬೆಲ್ಲಿನ ಬಟನ್ ಒತ್ತದೆ, ಬಿಸಿಲು ಕಚೇರಿಯ ಬಾಗಿಲು ದೂಡಿಕೊಂಡು ಒಳನುಗ್ಗಿದಳು.

ಎಂಜಿನಿಯರ್ ಪ್ರಭಯ್ಯ ಪರದೆ ನೋಡಿದ. “ನಿಮ್ಮ ಹೆಸರು, ಮನಿ ನಂಬರ್ ಎಲ್ಲಾ ಬಂದಾವ್ರೀ. ಆದ್ರ ನೀವು ಎಂಟರ್ ಹೊಡದೀರಿ. ‘ಸಲ್ಲಿಸು’ ಬಟನ್ ಒತ್ತಿದ್ರಷ್ಟ ಅರ್ಜಿ ಬಂತು ಅಂತ ನಮ್ಮ ಸರ್ವರ್ ತಿಳಕೋತೈತಿ.”

“ಕಣ್ಮುಂದ ಇಟ್ಕೊಂಡು ಓದಾಕತ್ತಿ, ಬಂದಿಲ್ಲ ಅಂತಿಯಲ್ಲ! ನಾಚಿಕಿ ಆಗೂದಿಲ್ಲೇನು?”

ಅವನ ಕಿಟಕಿಯಿಂದ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಕಾಶವ್ವ ಅಲ್ಲೇ ಸಂಡಿಗೆ ಹರವಿದಳು.

“ಏ, ಹೊರಗ ನಡೀರಿ!”

“ಯಾರಿಗಂತಿ? ನಾ ನಿಮ್ಮ ಬಟನ್ ಒತ್ತಿಲ್ಲ. ನಿಮ್ಮ ಲೆಕ್ಕದಾಗ ನಾ ಇನ್ನೂ ಬಂದೇ ಇಲ್ಲ!”