ಚೀಟಿಯಲ್ಲಿ ಇಲ್ಲದ ಹೆಸರು

ಒಂಬತ್ತು ಚೀಟಿ ಬಿಡಿಸಿದರೆ ಎಂಟು ಊರು. ಮಸ್ಕತ್ತಿನ ರುವಿಯ ಇಗರ್ಜಿ ಹಿಂದಿನ ಹಾಲ್‌ನಲ್ಲಿ ಪೀಟರ್ ಅಂಕಲ್ ತಲೆಯ ಮೇಲೆ ಕೈಹೊತ್ತು ಕುಳಿತರು. ಹೊಸ ಯುವಸಂಘಕ್ಕೆ ಒಂದು ಹೆಸರು ಕೊಡಿ ಎಂದರೆ ಈ ಮಕ್ಕಳು ಶಿರ್ವ, ಕುಲಶೇಖರ, ಕಲ್ಯಾಣಪುರ, ಬಜ್ಪೆ ಎಂದು ಅವರವರ ಊರನ್ನೇ ಬರೆದು ಮಡಚಿದ್ದರು. ಒಂಬತ್ತನೆಯ ಚೀಟಿ ಖಾಲಿ.

ಖಾಲಿ ಚೀಟಿ ಗ್ರೆಟ್ಟಾಳದು. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಮಸ್ಕತ್ತಿನಲ್ಲೇ. ರಜೆಗೆ ಕಾರ್ಕಳಕ್ಕೆ ಹೋದರೆ ಅಲ್ಲಿಯವರು ‘ಮಸ್ಕತ್ತಿನ ಹುಡುಗಿ’ ಎನ್ನುತ್ತಾರೆ. ಇಲ್ಲಿ ಇವರು ‘ಊರಿಲ್ಲದವಳು’ ಎಂದು ಕಿಚಾಯಿಸುತ್ತಾರೆ. ಸಂಘಕ್ಕೂ ಯಾರದೋ ಊರಿನ ಹೆಸರು ಬಿದ್ದರೆ ಇಲ್ಲಿಯೂ ತಾನು ಹೊರಗಿನವಳೇ ಎಂದು ಅವಳಿಗೆ ಅನಿಸಿತ್ತು.

“ಯಲ್ಲಾ, ಬೇಗ. ನಾಲ್ಕಕ್ಕೆ ಟೈಲರ್ ಮುಹಿಯುದ್ದೀನ್ ಅಂಗಡಿ ತೆರೀತಾನೆ, ಬ್ಯಾನರಿಗೆ ಅಕ್ಷರ ಹೊಲೀಬೇಕು,” ಎಂದರು ಅಂಕಲ್. “ಒಂದು ಮಾತು. ಒಬ್ಬರು ಒಪ್ಪದಿದ್ರೂ ಆ ಹೆಸರು ಬೇಡ.”

ಸರಿ, ಸಂತೆಯೇ ನೆರೆಯಿತು. ರೊನಾಲ್ಡ್ ಕುರ್ಚಿ ಹತ್ತಿ ನಿಂತು ಶಿರ್ವದ ಇಗರ್ಜಿಯ ಗಂಟೆಯಿಂದ ಹಿಡಿದು ಅಲ್ಲಿಯ ಹಬ್ಬದ ಬ್ಯಾಂಡಿನವರೆಗೆ ಹೊಗಳಿದ. ಗದ್ದಲದ ನಡುವೆ ಗ್ರೆಟ್ಟಾ ಎದ್ದಳು. ತನಗೆ ಇಷ್ಟು ಧೈರ್ಯ ಎಲ್ಲಿತ್ತೋ ಅವಳಿಗೇ ತಿಳಿಯದು.

“ಅಂಕಲ್, ‘ಶುಕ್ರವಾರದ ಬಳಗ’ ಅಂತ ಇಡುವ.”

“ಎಂತ ಶುಕ್ರವಾರ?” ಎಂದರು ಅಂಕಲ್.

“ಭಾನುವಾರ ಇಲ್ಲಿ ಎಲ್ಲರಿಗೂ ಡ್ಯೂಟಿ, ಸ್ಕೂಲು. ನಮ್ಮ ಭಾನುವಾರದ ಪೂಜೆ ಆಗೋದು ಶುಕ್ರವಾರ. ನಾವೆಲ್ಲ ಪರಿಚಯ ಆದದ್ದೂ ಶುಕ್ರವಾರವೇ ಅಲ್ವಾ?”

“ಊರಿನವರು ನಗಾಡ್ತಾರೆ ಮಾರಾಯ್ತಿ,” ಎಂದ ರೊನಾಲ್ಡ್. “ಅಲ್ಲಿ ಶುಕ್ರವಾರ ಅಂದ್ರೆ ಮಾಂಸ ಮುಟ್ಟದ ದಿನ.”

“ಇಲ್ಲಿ ಶುಕ್ರವಾರವೇ ನಿಮ್ಮ ಮನೆಯಲ್ಲಿ ಕೋಳಿ ಸುಕ್ಕ ಆಗೋದು. ಬಿಲ್ಡಿಂಗಿನ ಮೆಟ್ಟಿಲಿನವರೆಗೆ ಪರಿಮಳ ಬರ್ತದೆ,” ಎಂದಳು ಗ್ರೆಟ್ಟಾ.

ಹಾಲ್ ತುಂಬ ನಗು. ಡಾಲಿ ಮೊದಲು ಕೈ ಎತ್ತಿದಳು, ಮೈಕಲ್ ಎತ್ತಿದ, ಆಮೇಲೆ ಒಂದರ ಹಿಂದೆ ಒಂದು. ಎಂಟು ಕೈ ಮೇಲೆ. ಗ್ರೆಟ್ಟಾ ಕುರ್ಚಿಯ ಮೇಲಿದ್ದ ರೊನಾಲ್ಡ್‌ನನ್ನೇ ನೋಡಿದಳು. ಅವನೊಬ್ಬ ಒಪ್ಪದಿದ್ದರೆ ಎಲ್ಲ ಖಲಾಸ್.

ರೊನಾಲ್ಡ್ ಮೆಲ್ಲನೆ ಕುರ್ಚಿಯಿಂದ ಇಳಿದ. ಅವನ ಮುಖ ಕೆಂಪಾಗಿತ್ತು.

“ನನ್ನದೂ ಹಾಕಿ ಅಂಕಲ್,” ಎಂದು ಕೈ ಎತ್ತಿದ. “ಶಿರ್ವದ ಇಗರ್ಜಿಯಲ್ಲಿ ನಾನು ಕೂತದ್ದು ಎರಡೇ ಭಾನುವಾರ. ಅದರಲ್ಲಿ ಒಂದು ಅಜ್ಜ ತೀರಿಹೋದಾಗ.”