ಮುಖಂಡರ ಮುದಿ ಕಾರು

“ಹಾರ್ನ್ ಒತ್ತಿದ್ರೆ ವೈಪರ್ ಕುಣಿಯೋದು ಕಣಮ್ಮಾ!” ಕಾರ್ಮಿಕ ಸಂಘದ ಹಳೆಯ ಮುಖಂಡರು ತಮ್ಮ ಮುದಿ ಕಾರಿನಲ್ಲಿ ಕೂತು ಸ್ಟಿಯರಿಂಗ್ ಸವರುತ್ತ ನಕ್ಕರು. “ನೂಕದೆ ಒಂದು ದಿನವೂ ಸ್ಟಾರ್ಟ್ ಆಗಿಲ್ಲ ಈ ಮಹಾರಾಣಿ. ಆದ್ರೂ ಒಂದು ಮುಷ್ಕರಕ್ಕೂ ನಾನು ತಡವಾಗಿ ಹೋದವನಲ್ಲ!” ದುಡಿಯುವವರ ಬೆವರಿನ ಬಗ್ಗೆ ಅವರು ಮಾಡಿದ್ದ ಭಾಷಣಗಳನ್ನೆಲ್ಲ ಓದಿ ಬಂದಿದ್ದ ವರದಿಗಾರ್ತಿ ಮನಸಾರೆ ನಕ್ಕಳು.

ಫೋಟೊ ತೆಗೆಯುವವನು ಬಾಗಿಲಲ್ಲಿ ನಿಂತಿದ್ದ ಮುಖಂಡರ ಹೆಂಡತಿಯನ್ನು ಕರೆದ. “ಅಮ್ಮಾ, ನೀವೂ ಬನ್ನಿ. ಆಗೆಲ್ಲ ಹೇಗಿರ್ತಿದ್ರೋ ಹಾಗೇ ಇರಿ.”

ಆಕೆ ಕೈ ಒರೆಸಿಕೊಂಡು ಬಂದರು. ಮುಂದಿನ ಬಾಗಿಲು ದಾಟಿ, ಹಿಂದಿನದನ್ನೂ ದಾಟಿ, ಕಾರಿನ ಬೆನ್ನಿಗೆ ಹೋದರು. ಚಪ್ಪಲಿ ಕಳಚಿ, ನೆಲಕ್ಕೆ ಕಾಲೂರಿ, ಡಿಕ್ಕಿಯ ಮೇಲೆ ಎರಡೂ ಅಂಗೈ ಒತ್ತಿ ಬಗ್ಗಿದರು. “ಗೇರ್ ತೆಗೆದ್ರಾ?”

ಬಂದವರಿಬ್ಬರೂ ಗೊಳ್ಳೆಂದು ನಕ್ಕರು. ತಾವೂ ನಗಲು ಬಾಯಿ ತೆರೆದ ಮುಖಂಡರ ಕಣ್ಣು ಕನ್ನಡಿಯ ಮೇಲೆ ಬಿತ್ತು. ಅಲ್ಲಿ ಬಗ್ಗಿದ ಒಂದು ನರೆತ ತಲೆ ಕಾಣುತ್ತಿತ್ತು. ಇಷ್ಟು ವರ್ಷ ಈ ಕನ್ನಡಿಯಲ್ಲಿ ಅವರು ರಸ್ತೆಯನ್ನಷ್ಟೇ ನೋಡಿದ್ದರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಿಂದೆ ಆಕೆ ಇನ್ನೂ ಕಾಯುತ್ತಿದ್ದರು.

“ಹೇಳ್ರೀ, ನೂಕ್ಲಾ?”